ಕಾನಿನೊಳಗಿನ ಗೋಪುರದ ಸಾಕ್ಷಿ

ಮೊದಲೇ ಹೇಳಿಬಿಡುತ್ತೇನೆ: ನಾನು ಬರೆದ ವರದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನಗೆ ಸಮಾಧಾನ ಹೇಳಲು ಬಂದವರೆಲ್ಲ ಈ ಮಾತನ್ನೇ ಹೇಳಿದ್ದಾರೆ. ಅವರಿಗಿಂತ ಮುಂಚೆ ನಾನೇ ಅದನ್ನು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಶಿಕಾರಿಪುರದ ಹೈಸ್ಕೂಲಿನಿಂದಲೂ ಚರ್ಚಾ ಸ್ಪರ್ಧೆಗಳಲ್ಲೇ ಬೆಳೆದವಳು ನಾನು. ನನ್ನ ಪರವಾಗಿ ವಾದಿಸಲು ಬೇರೆ ವಕೀಲರು ಬೇಕಿಲ್ಲ. ವಾದವೇನೋ ಗಟ್ಟಿಯಾಗಿಯೇ ಇದೆ. ಆದರೂ ಸೊರಬದ ಬಸ್ಸು ಹತ್ತುವಾಗ ಈಗಲೂ ಅದನ್ನು ಮೊದಲಿಂದ ಹೇಳಿಕೊಳ್ಳುತ್ತೇನೆ.

ಸೊರಬ ತಾಲ್ಲೂಕಿನ ಒಂದು ಕಾನಿನಲ್ಲಿ ಕಬ್ಬಿಣದ ಗೋಪುರ ನಿಲ್ಲಿಸಿ, ಕಾಡು ಮತ್ತು ಗಾಳಿಯ ನಡುವೆ ಇಂಗಾಲ ಎಷ್ಟು ಹೋಗಿಬರುತ್ತದೆ, ಬಿಸಿಲಿನಿಂದ ಬಂದ ಶಕ್ತಿ ಎಲ್ಲೆಲ್ಲಿ ಹಂಚಿಹೋಗುತ್ತದೆ ಎಂದು ಅಳೆಯುವುದು ನಮ್ಮ ಸಂಶೋಧನಾ ತಂಡದ ಕೆಲಸ. ಕಾನು ಎಂದರೆ ಗದ್ದೆ, ಬೋಳುಗುಡ್ಡಗಳ ನಡುವೆ ಉಳಿದುಕೊಂಡಿರುವ, ವರ್ಷವಿಡೀ ಹಸಿರಾಗಿರುವ ಹಳೆಯ ಕಾಡಿನ ತುಂಡು. ಊರಿನವರು ದೇವರ ಹೆಸರಲ್ಲಿ ಅದನ್ನು ಕಾದುಕೊಂಡು ಬಂದಿರುತ್ತಾರೆ. ಈ ಕಾನು ಚೌಡಮ್ಮನದು. ಒಳಗೆ ಚಪ್ಪಲಿ ಮೆಟ್ಟುವಂತಿಲ್ಲ, ಕತ್ತಿ ಒಯ್ಯುವಂತಿಲ್ಲ, ಕಬ್ಬಿಣವೇ ಕೂಡದು. ನಾವು ಒಯ್ಯಲು ಹೊರಟದ್ದು ಮರಗಳ ತಲೆಯನ್ನೂ ಮೀರುವ ಕಬ್ಬಿಣ.

ಸರ್ಕಾರದ ಅನುಮತಿಯ ಪತ್ರ ನನ್ನ ಚೀಲದಲ್ಲಿತ್ತು. ಊರಿನ ಅರಣ್ಯ ಸಮಿತಿಯ ಅಧ್ಯಕ್ಷೆ ಅದನ್ನು ಬಿಚ್ಚಿಯೂ ನೋಡಲಿಲ್ಲ. "ಅದು ನಿಮ್ಮತ್ರನೇ ಇರ್ಲಿ. ಅಮ್ಮನ್ನ ಕೇಳ್ಬೇಕು" ಎಂದರು. ಐವತ್ತು ದಾಟಿದ, ಎರಡು ಬೆಳೆ ಗದ್ದೆ ತಾವೇ ನಿಂತು ಮಾಡಿಸುವ ಹೆಂಗಸು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ಖುಷಿಯಲ್ಲಿದ್ದರೆ ನನ್ನನ್ನು ತಂಗಿ ಎನ್ನುತ್ತಿದ್ದರು, ಇಲ್ಲದಿದ್ದರೆ ಮೇಡಮ್ಮೋರು.

ಅಮ್ಮನನ್ನು ಕೇಳುವುದೆಂದರೆ ಪೂಜಾರರು ಒದ್ದೆ ಹೂಗಳನ್ನು ದೇವರ ಕಲ್ಲಿನ ಎರಡೂ ಬದಿಗೆ ಅಂಟಿಸಿ, ಎಲ್ಲರೂ ಕೈಮುಗಿದು ಕಾಯುವುದು. ಬಲಗಡೆಯ ಹೂ ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ಅವತ್ತು ಯಾವುದೂ ಬೀಳಲಿಲ್ಲ. ಹೊತ್ತು ಏರಿತು, ಹೂಗಳು ಅಂಟಿದಲ್ಲೇ ಒಣಗತೊಡಗಿದವು.

"ಇವತ್ತು ಅಮ್ಮ ಮಾತಾಡ್ಲಿಲ್ಲ. ಮತ್ತೊಂದಿನ ಕೇಳಾಣ" ಎಂದು ಪೂಜಾರರು ಎದ್ದರು.

ಲಾರಿಯಲ್ಲಿ ಗೋಪುರದ ಭಾಗಗಳು ಆಗಲೇ ಬಂದು ಊರ ಮುಂದೆ ನಿಂತಿದ್ದವು. ನಾನು ಬಾಯಿ ಹಾಕಿದೆ. "ಬೇಡ ಅನ್ನೋದಾಗಿದ್ರೆ ಎಡಕ್ಕೆ ಬೀಳ್ಬೇಕಿತ್ತಲ್ರೀ ಅಜ್ಜ? ಬಿದ್ದಿಲ್ಲ ಅಂದ್ರೆ ಬೇಡ ಅಂದಿಲ್ಲ ಅಂತಾನೇ ಅಲ್ವಾ?"

"ಬೇಕು ಅಂತಾನೂ ಅಂದಿಲ್ಲಲ್ಲ ತಂಗಿ."

"ಅಂದ್ರೆ ತೀರ್ಮಾನ ನಮಗೆ ಬಿಟ್ಟಿದಾಳೆ."

ಯಾರೋ ಕಿಸಕ್ಕೆಂದರು. ಪೂಜಾರರೂ ನಕ್ಕರು. "ಶಿಕಾರಿಪುರದೋರ ಹತ್ರ ದೇವ್ರೂ ಗೆಲ್ಲಾದು ಕಷ್ಟ ಬಿಡು" ಎಂದರು. ಅಧ್ಯಕ್ಷೆ ಮಾತ್ರ ನಗಲಿಲ್ಲ. "ಅದೆಲ್ಲ ಇರ್ಲಿ. ನಿಮ್ಮ ಮಿಷನ್‌ನಿಂದ ಈ ಕಾನಿಗೆ ಎಂತ ಉಪಯೋಗ, ಅದು ಹೇಳಿ" ಎಂದರು. ಆ ಪ್ರಶ್ನೆಗೆ ಕಾರಣವಿತ್ತು. ದೊಡ್ಡ ವಿದ್ಯುತ್ ಲೈನೊಂದು ಆ ಕಡೆ ಬರುವ ಸುದ್ದಿ ಹಬ್ಬಿತ್ತು. ಕಾನಿನ ನಡುವೆ ಎಳೆದರೆ ದಾರಿ ಹತ್ತಿರ. ಬೋಳುಗುಡ್ಡ ಸುತ್ತಿಸಿದರೆ ದೂರ.

ನಾನು ಹೇಳಿದ್ದು ಇದು: "ಅಕ್ಕ, ನಾಳೆ ಯಾರಾದ್ರೂ ಈ ಕಾನು ಸುಮ್ನೆ ನಿಂತಿದೆ, ಕಡಿದ್ರೆ ಏನು ನಷ್ಟ ಅಂದ್ರೆ, ನೀವು ಬಾಯಲ್ಲಿ ಹೇಳಿದ್ದನ್ನ ಯಾರೂ ಕೇಳಲ್ಲ. ಗೋಪುರ ಅಂಕಿ ಹೇಳುತ್ತೆ. ಅದು ನಿಮ್ಮ ಸಾಕ್ಷಿ."

ಎದುರಿದ್ದವರ ಮುಖ ಬದಲಾಗುವುದನ್ನು ನೋಡುತ್ತ ಮಾತಾಡುವ ಅಭ್ಯಾಸ ನನಗಿದೆ. ಅಧ್ಯಕ್ಷೆಯ ಮುಖ ಬದಲಾಯಿತು. ಸಮಿತಿ ಒಪ್ಪಿತು, ಮೂರನೆಯ ದಿನ ಕಬ್ಬಿಣ ಕಾನಿನೊಳಗೆ ಹೋಯಿತು. ಅಂಕಿ ಏನು ಹೇಳುತ್ತದೆಂಬುದು ಆಗ ನನಗೂ ಗೊತ್ತಿರಲಿಲ್ಲ.

ಗೋಪುರದ ತುದಿಯಲ್ಲಿ ಅಕ್ಕಪಕ್ಕ ಎರಡು ಉಪಕರಣಗಳು. ಒಂದು ಶಬ್ದದ ಅಲೆಗಳ ಸಹಾಯದಿಂದ ಗಾಳಿಯ ಚಲನೆಯನ್ನು ಹಿಡಿಯುತ್ತದೆ. ಇನ್ನೊಂದು ಅದೇ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಎಷ್ಟು, ನೀರಾವಿ ಎಷ್ಟು ಎಂದು ನೋಡುತ್ತದೆ. ಎರಡೂ ಸೆಕೆಂಡಿಗೆ ಹತ್ತು ಸಲ. ಗಾಳಿ ಕಾಡಿನ ಮೇಲೆ ನೆಟ್ಟಗೆ ಹಾದುಹೋಗುವುದಿಲ್ಲ, ಸುಳಿಸುಳಿಯಾಗಿ ಏರುತ್ತ ಇಳಿಯುತ್ತ ಹೋಗುತ್ತದೆ. ಕೆಳಗಿಳಿಯುವ ಸುಳಿಗಿಂತ ಮೇಲೇರುವ ಸುಳಿಯಲ್ಲಿ ಇಂಗಾಲ ಕಡಿಮೆಯಿದ್ದರೆ ನಡುವೆ ಕಾಡು ಅದನ್ನು ಹೀರಿಕೊಂಡಿದೆ ಎಂದು ಲೆಕ್ಕ. ಹಾಗೆಯೇ ನೀರಾವಿ, ಬಿಸಿ. ಇದರ ಜೊತೆ, ಬಂದ ಬಿಸಿಲಿನಲ್ಲಿ ವಾಪಸು ಹೋದದ್ದು ಕಳೆದು ಉಳಿದದ್ದೆಷ್ಟು ಎಂದು ಅಳೆಯುವ ಮಾಪಕ, ನೆಲಕ್ಕಿಳಿಯುವ ಬಿಸಿಗೆ ಮಣ್ಣಿನಲ್ಲಿ ಹೂತ ಬಿಲ್ಲೆಗಳು.

ಹೇಳುವಾಗ ಚೆಂದ. ಮಾಡುವಾಗ ಮೊದಲ ಮಳೆಗಾಲವೇ ನಮ್ಮನ್ನು ಮಂಡಿಯೂರಿಸಿತು. ಮಾಪಕದ ಗಾಜಿನ ಮೇಲೆ ಹನಿ ಕೂತರೆ ಅಷ್ಟು ಹೊತ್ತಿನ ಅಂಕಿಗಳೆಲ್ಲ ಕಸ. ಮೋಡ ಕವಿದರೆ ಸೌರಫಲಕದಿಂದ ಬ್ಯಾಟರಿ ತುಂಬುವುದಿಲ್ಲ. ಮಳೆ ಬಿಟ್ಟಿತು ಎನ್ನುವಾಗ ಜೇಡಗಳು ಬಂದವು: ಗಾಳಿಮಾಪಕದ ಕಡ್ಡಿಗಳ ನಡುವಿನ ಖಾಲಿ ಜಾಗ ಬಲೆ ಕಟ್ಟಲು ಹೇಳಿ ಮಾಡಿಸಿದಂತಿತ್ತು. ಒಂದೇ ಒಂದು ಎಳೆಗೆ ಹನಿ ತೂಗಿದರೂ ಯಂತ್ರ ಬಿರುಗಾಳಿ ಎನ್ನುತ್ತಿತ್ತು. ಸೊಂಟಕ್ಕೆ ಹಗ್ಗ ಬಿಗಿದು ಹತ್ತಿ, ಬಣ್ಣದ ಕುಂಚದಿಂದ ಬಲೆ ಬಿಡಿಸಿ ಇಳಿಯುವಷ್ಟರಲ್ಲಿ ಮಂಗಗಳು ಕೆಳಗಿನ ಕೇಬಲ್ಲು ಎಳೆದಿರುತ್ತಿದ್ದವು. ಗುಡವಿಯ ಪಕ್ಷಿಧಾಮಕ್ಕೆ ಹೊರಟ ಪ್ರವಾಸಿಗರು ದಾರಿ ತಪ್ಪಿ ಬಂದು, "ಮೇಡಂ, ಇದರ ಮೇಲಿಂದ ಹಕ್ಕಿ ಚೆನ್ನಾಗಿ ಕಾಣ್ತವಾ? ಟಿಕೆಟ್ ಎಲ್ಲಿ ಕೊಡ್ತಾರೆ?" ಎಂದು ಕೇಳಿದ್ದೂ ಉಂಟು.

ಆದರೆ ನಿಜವಾದ ತೊಡಕು ಜೇಡನದಲ್ಲ, ಲೆಕ್ಕದ್ದು. ಅದೂ ಎರಡು.

ಒಂದು ಶಕ್ತಿಯ ಜಮಾಖರ್ಚಿನದು. ಬಿಸಿಲಿನಿಂದ ಕಾನಿಗೆ ಉಳಿದ ಶಕ್ತಿ ಮೂರು ಕಡೆ ಹೋಗಬೇಕು: ಗಾಳಿಯನ್ನು ಬಿಸಿ ಮಾಡಲು, ಎಲೆಗಳಿಂದ ನೀರನ್ನು ಆವಿ ಮಾಡಲು, ಮತ್ತೆ ನೆಲ ಮರಗಳೊಳಗೆ. ಮೂರನ್ನೂ ಕೂಡಿಸಿದರೆ ಬಂದದ್ದಕ್ಕೆ ಸಮವಾಗಬೇಕು. ಆಗುತ್ತಿರಲಿಲ್ಲ. ಒಂದು ಪಾಲು ಪ್ರತಿದಿನ ಕಾಣೆ. ಇದು ನಮ್ಮೊಬ್ಬರ ರೋಗವಲ್ಲ, ಇಂಥ ಗೋಪುರಗಳು ಇರುವಲ್ಲೆಲ್ಲ ಇರುವಂಥದ್ದು.

ಇನ್ನೊಂದು ರಾತ್ರಿಯ ಇಂಗಾಲದ್ದು. ಬೆಳಕಿಲ್ಲದಾಗ ಮರ, ಮಣ್ಣು ಎಲ್ಲ ಉಸಿರು ಬಿಡುತ್ತವೆ. ಗಾಳಿ ಆಡುತ್ತಿದ್ದರೆ ಆ ಉಸಿರು ಮೇಲಕ್ಕೆ ಬಂದು ಮಾಪಕಕ್ಕೆ ಸಿಗುತ್ತದೆ. ಗಾಳಿ ಸತ್ತು ಬಿದ್ದ ರಾತ್ರಿಗಳಲ್ಲಿ ಅದು ನೆಲದ ಮೇಲೇ ಕೂತು, ಇಳಿಜಾರು ಹಿಡಿದು ಗದ್ದೆಬಯಲಿಗೆ ಹರಿದುಹೋಗುತ್ತದೆ. ಗೋಪುರಕ್ಕೆ ಸುದ್ದಿಯೇ ಇಲ್ಲ. ಹೀರಿದ್ದು ಪೂರ್ತಿ ಎಣಿಕೆಗೆ ಬಂತು, ಬಿಟ್ಟದ್ದು ಅರ್ಧ ತಪ್ಪಿಸಿಕೊಂಡಿತು. ಅದಕ್ಕೆ ಗಾಳಿ ಇಂತಿಷ್ಟಕ್ಕಿಂತ ಮಂದವಾದ ಹೊತ್ತಿನ ಅಂಕಿಗಳನ್ನು ತೆಗೆದುಹಾಕಿ, ಒಳ್ಳೆಯ ರಾತ್ರಿಗಳ ಅಂದಾಜಿನಿಂದ ತುಂಬುತ್ತೇವೆ. ಆ 'ಇಂತಿಷ್ಟು' ಎಲ್ಲಿ ಎಂಬುದರ ಮೇಲೆ ಇಡೀ ವರ್ಷದ ಫಲಿತಾಂಶ ನಿಂತಿರುತ್ತದೆ.

ನಮ್ಮ ಯೋಜನೆಯ ಮುಖ್ಯಸ್ಥರು, ನಾನು ಸರ್ ಎನ್ನುವವರು, ಕರಡು ವರದಿಯಲ್ಲಿ ಆ 'ಇಂತಿಷ್ಟ'ರ ಗೆರೆಯನ್ನು ಕೆಳಗೆ ಎಳೆದಿದ್ದರು. ಕಾನು ಇಂಗಾಲವನ್ನು ಚೆನ್ನಾಗಿ ಹೀರುತ್ತಿದೆ ಎಂದು ಬಂದಿತ್ತು. ನಾನು ಗೆರೆಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಲೆಕ್ಕ ಮಾಡಿ ನೋಡಿದೆ. ಹೀರುವುದು ಕರಗುತ್ತ ಕರಗುತ್ತ ಸೊನ್ನೆಯ ಆಸುಪಾಸಿಗೆ ಬಂತು. ಹಣ್ಣಾದ ಕಾಡಿನಲ್ಲಿ ಹಾಗಾಗುವುದು ಸಹಜವೇ. ಬೆಳೆದಷ್ಟು ಬೀಳುತ್ತದೆ, ಕೊಳೆಯುತ್ತದೆ.

ಸರ್ ಜೊತೆ ಸೊರಬದ ಬಾಡಿಗೆ ಕೋಣೆಯಲ್ಲಿ ಒಂದಿಡೀ ಮಧ್ಯಾಹ್ನ ವಾದ ನಡೆಯಿತು. ಅವರು ಕೆಟ್ಟವರಲ್ಲ, ಮೊಂಡರೂ ಅಲ್ಲ. ನನ್ನ ನಕ್ಷೆ ನೋಡಿ, "ಸರಿ, ಇಂಗಾಲದ ಮಾತು ನೀನು ಹೇಳಿದ ಹಾಗೇ ಬರೀ" ಎಂದರು. ಆಮೇಲೆ, "ಬಿಸಿಯ ಅಧ್ಯಾಯ ಇರಲಿ. ಅದು ಚೆನ್ನಾಗಿದೆ" ಎಂದರು.

ಅದು ನಿಜಕ್ಕೂ ಚೆನ್ನಾಗಿತ್ತು. ಬೇಸಿಗೆಯ ನಡುಹಗಲಲ್ಲಿ, ಹೊರಗಿನ ಕೊಯ್ದ ಗದ್ದೆ ಬಿಸಿಲನ್ನೆಲ್ಲ ಬಿಸಿಯಾಗಿಯೇ ಉಗುಳುತ್ತಿದ್ದಾಗ, ಕಾನು ಆ ಶಕ್ತಿಯ ದೊಡ್ಡ ಪಾಲನ್ನು ನೀರನ್ನು ಆವಿ ಮಾಡಲು ಬಳಸಿ ತಾನು ತಂಪಾಗಿರುತ್ತಿತ್ತು. ಕಾಣೆಯಾದ ಪಾಲಿನ ಗತಿಯೇನು ಎಂದು ಕೇಳಬಹುದು. ಆ ಪಾಲನ್ನೆಲ್ಲ ನಮಗೆ ವಿರುದ್ಧವಾಗಿಯೇ, ಗಾಳಿ ಬಿಸಿ ಮಾಡಿದ ಕಡೆಗೇ ಸೇರಿಸಿ ನಾನು ಲೆಕ್ಕ ಹಾಕಿದ್ದೆ. ಆಗಲೂ ಆವಿಯ ಪಾಲೇ ದೊಡ್ಡದಿತ್ತು.

ಇಷ್ಟು ಗೊತ್ತಿದ್ದೂ ನಾನಂದೆ, "ಬೇಡ ಸರ್. ಕೂಡಿಸಿದ್ರೆ ಸರಿಹೋಗದ ಲೆಕ್ಕ ಅದು. ಎದುರಿನವರು ಮೊದಲು ಅದನ್ನೇ ಹಿಡೀತಾರೆ. ಒಂದು ಕಡೆ ಸಡಿಲ ಇದ್ರೆ ಇಡೀ ವರದೀನೇ ಸಡಿಲ ಅಂತಾರೆ."

"ಎದುರಿನವರು ಯಾರಮ್ಮ? ಇದು ವರದಿ, ಸ್ಪರ್ಧೆ ಅಲ್ಲ."

"ಯಾರಾದ್ರೂ ಇದ್ದೇ ಇರ್ತಾರೆ ಸರ್."

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅದು ಸೋಲೊಪ್ಪಿಕೊಳ್ಳುವ ಅವರ ರೀತಿ. ನಾನು ಅಧ್ಯಾಯ ತೆಗೆದೆ. ಕಾನು ತನ್ನ ಮರ ಮಣ್ಣುಗಳಲ್ಲಿ ಈಗಾಗಲೇ ಹಿಡಿದಿಟ್ಟ ಇಂಗಾಲದ ಬಗ್ಗೆ ಒಂದು ಪುಟವಿತ್ತು. ಗೋಪುರ ಅಳೆದದ್ದಲ್ಲ ಎಂಬ ಕಾರಣ ಕೊಟ್ಟು ಅದನ್ನೂ ತೆಗೆದೆ. ಕೊನೆಯಲ್ಲಿ ಉಳಿದದ್ದು ತೆಳ್ಳನೆಯ ವರದಿ, ಅದರ ತುದಿಗೆ ಒಂದು ವಾಕ್ಯ: 'ಈ ಕಾಡು ಇಂಗಾಲವನ್ನು ಹೀರುತ್ತಿದೆಯೆಂದು ಲಭ್ಯ ಮಾಪನಗಳಿಂದ ಹೇಳಲಾಗುವುದಿಲ್ಲ.' ಯಾರೂ ಬೆರಳಿಡಲಾಗದ ವಾಕ್ಯ. ಬರೆದು ಮುಗಿಸಿದಾಗ ನನಗೆ ಖುಷಿಯಾಗಿತ್ತು. ಇವತ್ತು ನನ್ನನ್ನು ಕಾಡುವುದು ವಾಕ್ಯಕ್ಕಿಂತ ಹೆಚ್ಚಾಗಿ ಆ ಖುಷಿ.

ಲೈನಿನ ಬಗ್ಗೆ ಊರವರ ಅಹವಾಲು ಕೇಳುವ ಸಭೆ ಸೊರಬದಲ್ಲಿ ನಡೆಯಿತು. ಅಧ್ಯಕ್ಷೆ ಇಸ್ತ್ರಿ ಮಾಡಿದ ಸೀರೆಯುಟ್ಟು ಮೊದಲ ಸಾಲಿನಲ್ಲಿ ಕೂತಿದ್ದರು. ಪೂಜಾರರು ಅವರ ಪಕ್ಕ. ಅಧ್ಯಕ್ಷೆ ಎದ್ದು, "ನಮ್ಮ ಕಾನಲ್ಲಿ ಸರ್ಕಾರದೋರೇ ಒಪ್ಪಿಗೆ ಕೊಟ್ಟು ಮಿಷನ್ ಇಡ್ಸಿದಾರೆ. ನಾವು ಹೇಳಾದು ಬೇಡ. ಅದರ ವರದಿ ನೋಡಿ ತೀರ್ಮಾನ ಮಾಡಿ" ಎಂದು ಕೂತರು. ಅವರು ವರದಿ ಓದಿರಲಿಲ್ಲ. ಅದು ಇಂಗ್ಲಿಷಿನಲ್ಲಿತ್ತು. ನಾನು ಅವರಿಗೆ ಓದಿ ಹೇಳಿಯೂ ಇರಲಿಲ್ಲ.

ಲೈನಿನ ಎಂಜಿನಿಯರು ಓದಿದ್ದರು. ಮೃದುವಾಗಿ ಮಾತಾಡುವ ಮನುಷ್ಯ. "ಅಮ್ಮಾ, ನಿಮ್ಮ ಮಾತಿಗೆ ಗೌರವ ಕೊಟ್ಟೇ ಹೇಳ್ತಿದೀನಿ" ಎಂದು ಆ ಒಂದು ವಾಕ್ಯವನ್ನು ಕನ್ನಡಕ್ಕೆ ತಂದು ಎರಡು ಸಲ ಓದಿದರು.

ಅಧ್ಯಕ್ಷೆ ಹಿಂತಿರುಗಿ ನನ್ನನ್ನು ಹುಡುಕಿದರು. "ಇದು ನೀವ್ ಬರ್ದಿದ್ದಾ?"

"ಹೌದು ಅಕ್ಕ. ಆದ್ರೆ..."

ಎದ್ದು ನಿಂತೆ. ಮೈಕು ಕೈಗೆ ಬಂತು. ಹೀರುತ್ತದೆ ಎಂದು ಹೇಳಲಾಗುವುದಿಲ್ಲ ಎಂದರೆ ಹೀರುವುದಿಲ್ಲ ಎಂದಲ್ಲ. ಹೀರದಿದ್ದರೂ ಹಿಡಿದಿಟ್ಟದ್ದು ಕಡಿದರೆ ಹೋಗುತ್ತದೆ. ಬೇಸಿಗೆಯಲ್ಲಿ ಈ ಕಾನು ತಂಪು ಕಾಯುತ್ತದೆ, ಅದನ್ನು ನಾವು ಅಳೆದಿದ್ದೇವೆ ಎಂದೆ. ನನ್ನ ಸ್ವರ ನನಗೇ ನುಣುಚಿಕೊಳ್ಳುವವಳದ್ದಾಗಿ ಕೇಳಿಸಿತು.

ಸಭೆ ನಡೆಸುತ್ತಿದ್ದ ಅಧಿಕಾರಿ ಪುಟ ತಿರುವಿದರು. "ನೀವೀಗ ಹೇಳಿದ್ದು ವರದೀಲಿ ಎಲ್ಲಿದೆ?"

"ಇಲ್ಲ ಸರ್."

"ವರದಿ ಬರೆದೋರು ನೀವೇ ತಾನೆ?"

"ಹೌದು."

"ನೀವೇ ಬಿಟ್ಟಿದ್ದನ್ನ ನಾನು ಹೇಗಮ್ಮ ಸೇರಿಸ್ಕೊಳ್ಲಿ?"

ನ್ಯಾಯವಾದ ಪ್ರಶ್ನೆ. ಆ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಲೈನು ಕಾನಿನ ನಡುವೆಯೇ ಹೋಗಲು ಒಪ್ಪಿಗೆಯಾಯಿತು.

ಹೊರಗೆ ಪೂಜಾರರು ನನ್ನ ಹತ್ತಿರ ಬಂದು, "ಊಟ ಆತಾ ತಂಗಿ?" ಎಂದು ಕೇಳಿದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮಳೆಗಾಲ ಕಳೆದ ಮೇಲೆ ಕಡಿತ ಶುರುವಾಯಿತು. ಅಗಲವಾದ ಪಟ್ಟಿಯೊಂದು ಕಾನನ್ನು ಎರಡು ಮಾಡಿ ಹಾದುಹೋಯಿತು. ಗೋಪುರ ಪಟ್ಟಿಯ ಪಕ್ಕಕ್ಕೇ ಉಳಿಯಿತು. ಸರ್ ಫೋನು ಮಾಡಿ, ಉಪಕರಣ ನಿಲ್ಲಿಸಬೇಡ, ಕಡಿಯುವ ಮೊದಲು ಮತ್ತು ನಂತರ ಎರಡೂ ಇರುವ ಅಂಕಿ ಸಿಗುವುದು ಅಪರೂಪ ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ನಾನು ದಿನಾ ಹೋಗಿ ಮಾಪಕದ ಗಾಜಿನಿಂದ ಗರಗಸದ ಧೂಳು ಒರೆಸಿದೆ. ಒಳ್ಳೆಯ ಅಂಕಿಗಳೇ ಬಂದವು. ಮರ ಬಿದ್ದ ಕಾಡಿನಿಂದ ನನ್ನ ಸಂಶೋಧನೆಗೆ ಲಾಭವಾಗುತ್ತಿದೆ ಎಂಬುದು ಗಾಜು ಒರೆಸುವಾಗಲೆಲ್ಲ ಮನಸ್ಸಿಗೆ ಬರುತ್ತಿತ್ತು. ಒರೆಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಬೇಸಿಗೆಯಲ್ಲಿ ಪೂಜಾರರಿಗೆ ಅಮ್ಮನ ಕಲ್ಲಿಗೆ ಹೋಗಲು ಪಟ್ಟಿ ದಾಟಲೇಬೇಕಾಯಿತು. ಮೊದಲು ನೆರಳು, ತರಗೆಲೆ, ತಣ್ಣನೆಯ ಮಣ್ಣು ಇದ್ದ ಜಾಗ. ಈಗ ಕೆಂಪು ನೆಲ ಕಾದು ಹೆಂಚಿನಂತಾಗಿತ್ತು. ಆ ಮುದುಕರು ಪಂಚೆ ಎತ್ತಿಕಟ್ಟಿ, ತಂಬಿಗೆ ಹಿಡಿದುಕೊಂಡು ಒಂದು ಕಾಲಿಂದ ಇನ್ನೊಂದು ಕಾಲಿಗೆ ಹಾರುತ್ತ ದಾಟುತ್ತಿದ್ದರು.

"ಚಪ್ಪಲಿ ಹಾಕ್ಕೊಳ್ರೀ ಅಜ್ಜ" ಎಂದೆ. "ಇಲ್ಲಿ ಮರಾನೇ ಇಲ್ಲವಲ್ಲ."

"ಮರ ಇಲ್ಲ ಅಂತ ಕಾನು ಅಲ್ದೆ ಹೋತಾ?" ಎಂದರು. ಆಚೆ ದಡ ಮುಟ್ಟಿದ ಮೇಲೆ ಪಾದ ತಿರುಗಿಸಿ ನೋಡಿಕೊಂಡು ನಕ್ಕರು. "ಅಮ್ಮಂಗೂ ಹಿಂಗೇ ಸುಡ್ತಿರ್ಬೇಕು ಕಣೆ."

ನಾನು ಗೋಪುರದ ಬುಡಕ್ಕೆ ಹೋಗಿ ಮಣ್ಣಿನ ಬಿಲ್ಲೆಗಳ ಅಂಕಿ ತೆಗೆದೆ. ನೆಲಕ್ಕಿಳಿಯುವ ಬಿಸಿ ಏರಿತ್ತು. ಅವರ ಕಾಲು ಕುಣಿದದ್ದು ಏತಕ್ಕೆ ಎಂದು ನನ್ನ ನಕ್ಷೆಯಲ್ಲಿ ನೀಟಾಗಿ ಕಾಣುತ್ತಿತ್ತು.

ಅದಾದ ಸ್ವಲ್ಪ ದಿನಕ್ಕೆ ಅಧ್ಯಕ್ಷೆಯ ಫೋನು ಬಂತು. ಸಭೆಯ ನಂತರ ಅವರು ನನ್ನೊಂದಿಗೆ ಮಾತಾಡಿರಲಿಲ್ಲ. "ಮೇಡಮ್ಮೋರೆ, ಜಡೆ ಹೋಬಳಿ ಕಡೆ ಒಂದೂರಲ್ಲಿ ಇದೇ ಲೈನಿನ ಕವಲು ಹೋಗ್ತದಂತೆ, ಅವರ ಕಾನಿಗೂ ಬಂದದೆ. ನನ್ನನ್ನ ಕರ್ದಿದಾರೆ. ನೀವೂ ಬರ್ಬೇಕು. ಬಂದು ಸುಮ್ನೆ ಕೂತ್ಕಳಿ. ಮಾತಾಡಾದು ನಾನು."

ಹೋದೆ. ಶಾಲೆಯ ಜಗುಲಿಯಲ್ಲಿ ಸಭೆ. ಅಧ್ಯಕ್ಷೆ ಎದ್ದು ತಮ್ಮ ಕಾನಿನ ಕತೆ ಹೇಳಿದರು. ನನ್ನ ಹೆಸರು ಎತ್ತಲಿಲ್ಲ, ವರದಿಯನ್ನು ದೂರಲಿಲ್ಲ. "ಕಾನು ಕಡಿದ್ರೆ ಇಡೀ ಊರೇ ಬಿಸಿ ಆಗ್ತದೆ. ಮಿಷನ್ನೇ ಹೇಳಿದೆ" ಎಂದುಬಿಟ್ಟರು.

ಹಿಂದಿನಿಂದ ಒಬ್ಬ ಯುವಕ ಎದ್ದ. "ಹೌದಾ ಮೇಡಂ? ಮಿಷನ್ ಹಂಗಂತಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಧ್ಯಕ್ಷೆಯ ಮುಖ ನೋಡಿದೆ. ಅವರು, "ಹೇಳಿ. ಹೇಳಾದಾದ್ರೆ ಪೂರ್ತಿ ಹೇಳಿ" ಎಂದು ಕೂತರು.

ಪೂರ್ತಿ ಹೇಳಿದೆ. ಊರೊಳಗೆ ನಾವು ಏನೂ ಅಳೆದಿಲ್ಲ, ಆದ್ದರಿಂದ ಊರು ಬಿಸಿಯಾಗುತ್ತದೆಂದು ನಾನು ಹೇಳಲಾರೆ ಎಂದೆ. ಕಾನು ಪ್ರತಿವರ್ಷ ಇಂಗಾಲ ಹೀರುತ್ತದೋ ಇಲ್ಲವೋ ಖಚಿತವಿಲ್ಲ. ಹಿಡಿದಿಟ್ಟದ್ದು ಮಾತ್ರ ಬಹಳ ಇದೆ, ಮರ ಬಿದ್ದರೆ ಅದು ಹೋಗುತ್ತದೆ. ಬೇಸಿಗೆಯಲ್ಲಿ ಬಿಸಿಲಿನ ದೊಡ್ಡ ಪಾಲನ್ನು ಕಾನು ಆವಿಯಾಗಿ ಬಿಡುತ್ತದೆ. ಲೆಕ್ಕದಲ್ಲಿ ಒಂದು ಪಾಲು ಕಾಣೆಯಿದೆ. ಅದನ್ನು ನಮಗೆ ವಿರುದ್ಧವಾಗಿ ಹಾಕಿದರೂ ಈ ಮಾತು ನಿಲ್ಲುತ್ತದೆ. ಹೇಳುತ್ತ ಹೇಳುತ್ತ ತಡವರಿಸಿದೆ. ಹಿಂದೆ ಹೋಗಿ ತಿದ್ದಿದೆ. ಮಧ್ಯೆ ಕೆಲವರು ಚಹಾಕ್ಕೆ ಎದ್ದುಹೋದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಯುವಕ ಮಾತ್ರ, "ಇದನ್ನ ಬರ್ದು ಕೊಡ್ತೀರಾ? ಕನ್ನಡದಲ್ಲಿ?" ಎಂದ. ಕೊಡುತ್ತೇನೆ ಎಂದೆ. ಅಲ್ಲೇ ಕೂತು ಬರೆದುಕೊಟ್ಟೆ, ಏನೂ ಬಿಡದೆ.

ವಾಪಸು ಬರುವಾಗ ಬಸ್ಸಿಗೆ ಕಾಯುತ್ತ ರಸ್ತೆ ಬದಿಯ ಕಟ್ಟೆಯ ಮೇಲೆ ಅಧ್ಯಕ್ಷೆಯ ಪಕ್ಕ ಕೂತಿದ್ದೆ. ಅವರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ಅಲ್ಲ ತಂಗಿ" ಎಂದರು, ರಸ್ತೆ ನೋಡುತ್ತಲೇ. "ಇವತ್ತು ಹೇಳಿದ್ರಲ್ಲ, ಆವಿದು, ತಂಪಿಂದು. ಇದು ನಮ್ಮ ಕಾನು ಕಡಿದ ಮೇಲೆ ಗೊತ್ತಾಗಿದ್ದಾ?"

ಹೌದು ಎಂದಿದ್ದರೆ ಅವರು ನಂಬುತ್ತಿದ್ದರು. ನಂಬಲು ಸಿದ್ಧವಾಗಿಯೇ ಕೇಳಿದ್ದರು.

"ಅಲ್ಲ ಅಕ್ಕ. ಮೊದಲೇ ಗೊತ್ತಿತ್ತು."

ಬೀಸುತ್ತಿದ್ದ ಸೆರಗು ನಿಂತಿತು. ದೂರದಲ್ಲಿ ಬಸ್ಸು ಕಾಣಿಸಿತು. ಅವರು ಎದ್ದು ಚೀಲ ಎತ್ತಿಕೊಂಡು, ಹತ್ತಿ, ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತರು. ಪಕ್ಕದ ಜಾಗ ಖಾಲಿಯಿತ್ತು. ನಾನು ಸೊರಬದವರೆಗೂ ಕಂಬಿ ಹಿಡಿದು ನಿಂತೇ ಬಂದೆ.